ಮುಳ್ಳು ಹಾಕಿದ ಹೆದ್ದಾರಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಕನಕಾಂಬೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ಇದು ದೊರೆ ವೀರಮಲ್ಲನ ಅಪ್ಪಣೆ!"

ಡಂಗುರದವನು ಹೀಗೆ ಸಾರಿದಾಗ ಗಾಳೆಪ್ಪ ತನ್ನ ಎತ್ತಿನ ಮೇಲೆ ಉಪ್ಪಿನ ಹೇರು ಏರಿಸುತ್ತಿದ್ದ. ತಲೆಯ ಮಾತು ಕಿವಿಗೆ ಬಿದ್ದದ್ದೇ ತಡ, ಊರವರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಳೆಪ್ಪ ಮಾತ್ರ ಹೇರು ಇಳಿಸಿ ಯೋಚಿಸುತ್ತ ಕೂತ. ಬೇಡಿದ್ದು ಸಿಗುತ್ತದಂತಲ್ಲ!

ಅವನಿಗೆ ಬೇಕಾದದ್ದು ಒಂದೇ, ಊರ ಮುಂದಿನ ಹಳೇ ಹೆದ್ದಾರಿ. ಎಂಥ ದಾರಿ ಅಂತೀರಿ! ಎರಡೂ ಬದಿಗೆ ಹುಣಸೆ, ಹೊಂಗೆ, ಅಲ್ಲಲ್ಲಿ ನೀರಿನ ಅರವಟ್ಟಿಗೆ. ದೊರೆ ಅದಕ್ಕೆ ಜಾಲಿಮುಳ್ಳು ಹಾಕಿಸಿ, ಬೆಟ್ಟದಾಚೆ ಬೇರೆ ದಾರಿ ಮಾಡಿಸಿದ್ದ. ಹಳೆಯದನ್ನು ತುಳಿದವರಿಗೆ ಛಡಿಯೇಟು. ಗಾಳೆಪ್ಪನನ್ನು ಎತ್ತಿ ಆಡಿಸಿದ ಅಕ್ಕ ದುರುಗವ್ವನನ್ನು ಕೊಟ್ಟದ್ದು ಆ ದಾರಿಯ ಕೊನೆಯ ಊರಿಗೆ. ಹೊಸ ದಾರಿ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಕ್ಕನ ಮುಖ ಕಾಣದೆ ಅವನು ಬೆಳೆದುಬಿಟ್ಟಿದ್ದ.

ಅತ್ತ ಕನಕಾಂಬೆಗೂ ಅದೇ ದಾರಿಯ ಚಿಂತೆ. ಉಪ್ಪರಿಗೆಯಿಂದ ನೋಡಿದರೆ ಮರಗಳ ಎರಡು ಸಾಲು ಕಾಣುತ್ತಿದ್ದವು, ಜನ ಮಾತ್ರ ಇಲ್ಲ. ಯಾಕೆ ಎಂದರೆ ಎಲ್ಲರೂ "ಗೊತ್ತಿಲ್ಲ ತಾಯಿ" ಎನ್ನುವವರೇ. ಕೊನೆಗೆ ಮುದಿ ದಾದಿ ಮೂರು ಒಗಟು ಪಿಸುಗುಟ್ಟಿ, ಉತ್ತರ ಮಾತ್ರ ಹೇಳದೆ ಬಾಯಿ ಹೊಲಿದುಕೊಂಡಳು. ಒಗಟು ಬಿಡಿಸುವವರನ್ನು ಕರೆಸಬೇಕೆಂಬ ಮಗಳ ಹಟಕ್ಕೆ ದೊರೆ ಒಗಟೇನೆಂದೂ ಕೇಳದೆ ಒಪ್ಪಿದ. ಯಾರೂ ಬರದಿರಲೆಂದು ತಲೆಯ ಮಾತು ಸೇರಿಸಿದ.

ಬಂದರು, ಬರದೆ ಇರುತ್ತಾರೆಯೇ? ಮೊದಲು ಪಕ್ಕದ ನಾಡಿನ ರಾಜಕುಮಾರ.

"ಮಲಗಿಕೊಂಡೇ ಊರೂರು ಮುಟ್ಟುತ್ತದೆ. ತುಳಿದಷ್ಟೂ ಬದುಕುತ್ತದೆ, ತುಳಿಯದಿದ್ದರೆ ಸಾಯುತ್ತದೆ. ಏನದು?" ಎಂದಳು ಕನಕಾಂಬೆ.

"ಹಾವು!"

"ಹಾವನ್ನು ತುಳಿದರೆ ಸಾಯುವವನು ನೀನು," ಎಂದು ಅವಳು ನಕ್ಕಳು. ತಲೆ ಹೋಗುವ ದಿನ ಕಾಯಲು ಅವನು ಸೆರೆಮನೆಗೆ ಹೋದ.

ಆಮೇಲೆ ಮಂತ್ರಿಯ ಮಗ. ಜಾಣ, ಎರಡು ಬಿಡಿಸಿದ. ಮೂರನೆಯದಕ್ಕೆ ಬೆವೆತು ಏನೋ ತೊದಲಿದ. ದಾದಿ ಇಲ್ಲವೆಂದು ತಲೆಯಾಡಿಸಿದಳು. ಅವನೂ ಸೆರೆಮನೆಗೆ.

ಗಾಳೆಪ್ಪ ಕಂಬಳಿ ಹೊದ್ದು ಬಂದು ನಿಂತ. ಮೊದಲನೆಯದು ಕೇಳಿದ್ದೇ, "ದಾರಿ, ತಾಯಿ. ಕಾಲು ಬೀಳದ ದಾರಿಗೆ ಹುಲ್ಲೇ ಹೆಣದ ಬಟ್ಟೆ," ಎಂದ.

"ಸಾವಿರ ಹೊರೆ ಹೊತ್ತಿದೆ, ಒಂದು ಹೆಜ್ಜೆ ನಡೆದಿಲ್ಲ. ಯಾರದು?"

"ಹೊರೆಗಲ್ಲು. ದಣಿದವರು ತಲೆಹೊರೆ ಇಳಿಸಿ ಉಸ್ಸಪ್ಪಾ ಅನ್ನೋ ಕಲ್ಲು."

"ಅವಳಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ. ಹೋಗುವವರೆಲ್ಲ ನೇಯದ ಹಸಿರು ಸೀರೆ ಉಡಿಸುತ್ತಿದ್ದರು. ಅವಳು ಯಾರು? ಉಡಿಸುವವರನ್ನು ತಡೆದವರು ಯಾರು?"

ದಾರಿಯ ಬದಿಯ ಊರುಗಳಿಗೆಲ್ಲ ಇದು ಗೊತ್ತು. ಆದರೆ ಹೇಳುವ ಬಾಯಿ ಯಾರಿಗಿದೆ? ಗಾಳೆಪ್ಪ ಅಕ್ಕನನ್ನು ನೆನೆದುಕೊಂಡ.

"ಅವಳು ಸೊಪ್ಪಿನವ್ವ. ದಾರಿಹೋಕರು ಸುಖವಾಗಿ ಊರು ಮುಟ್ಟಲಿ ಅಂತ ಒಂದೊಂದು ಚಿಗುರು ಕೊಂಬೆ ಮುರಿದು ಅವಳ ಕಲ್ಲಿನ ಮೇಲೆ ಹಾಕೋರು. ತಡೆದವರು... ನಮ್ಮ ದೊರೆಗಳೇ, ತಾಯಿ."

ಸಭೆಯವರೆಲ್ಲ ದೊರೆಯತ್ತ ತಿರುಗಿದರು. ಗಾಳೆಪ್ಪ ಮಾತು ನಿಲ್ಲಿಸಲಿಲ್ಲ.

"ಒಂದ್ಸಲ ದೊರೆಗಳು ಆನೆ ಮೇಲೆ ಬಂದರು. ಎಲ್ಲರೂ ಸೊಪ್ಪು ಹಾಕಿದರು. ದೊರೆಗಳಾದೋರು ಸೊಪ್ಪು ಮುರಿಯೋದೇ ಅಂದರು ಸಂಗಡದೋರು, ದೊರೆಗಳು ಹಾಕದೇ ಮುಂದೆ ಹೋದರು. ಹತ್ತು ಮಾರು ಹೋಗಿಲ್ಲ, ಆನೆ ಮುಗ್ಗರಿಸ್ತು. ದೊರೆಗಳು ಕೆಸರಿಗೆ ದೊಪ್ಪಂತ ಬಿದ್ದರು. ದನ ಕಾಯೋ ಹುಡುಗರು ಕಿಸಕ್ಕಂತ ನಕ್ಕುಬಿಟ್ಟರು. ಮಾರನೇ ದಿನವೇ ದಾರಿಗೆ ಮುಳ್ಳು ಬಿತ್ತು."

ಕನಕಾಂಬೆ ದಾದಿಯತ್ತ ನೋಡಿದಳು. ಮುದುಕಿ ಹೆದರಿ ತಲೆ ತಗ್ಗಿಸಿದ್ದಳು. ಇನ್ನು ಹೇಳಬಲ್ಲವನು ಒಬ್ಬನೇ.

"ನಿಜವೇ ಅಪ್ಪಾಜಿ?"

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಅವನು ಇಲ್ಲವೆಂದರೆ ಗಾಳೆಪ್ಪನ ತಲೆ ನೆಲಕ್ಕೆ. ಮಗಳ ಕಣ್ಣು ಅವನ ಮೇಲೇ ಇತ್ತು. ಕೈ ಮೆಲ್ಲಗೆ ಹಿಡಿ ಬಿಟ್ಟು ಸೊಂಟ ಉಜ್ಜಿಕೊಂಡಿತು.

"ಮಳೆಗಾಲ ಬಂದರೆ ಇನ್ನೂ ನೋಯುತ್ತದೆ ಕಣಮ್ಮ," ಎಂದ ದೊರೆ.

ಮೊದಲು ನಕ್ಕವಳು ಮಗಳು. ಆಮೇಲೆ ಸಭೆಯೆಲ್ಲ ನಕ್ಕಿತು, ಕೊನೆಗೆ ದೊರೆಯೂ ನಕ್ಕ.

"ಏನು ಬೇಕೋ ನಿನಗೆ? ಅರ್ಧ ರಾಜ್ಯವೇ?"

"ಅದೆಲ್ಲ ಯಾಕೆ ಬುದ್ಧಿ? ಆ ಮುಳ್ಳು ತೆಗೆಸಿಬಿಡಿ. ಸೆರೆಯಲ್ಲಿರೋ ಇಬ್ಬರ ತಲೇನೂ ಉಳೀಲಿ, ಪಾಪ."

ಅಂದೇ ಮುಳ್ಳು ಕಿತ್ತರು. ಗಾಳೆಪ್ಪ ಎಲ್ಲರಿಗಿಂತ ಮುಂದೆ ನಡೆದ. ಕೊನೆಯ ಊರಲ್ಲಿ ನರೆಗೂದಲಿನ ಹೆಂಗಸೊಬ್ಬಳು ರಾಗಿ ಬೀಸುತ್ತಿದ್ದಳು.

"ಯಾರಪ್ಪಾ ನೀನು? ಈ ದಾರೀಲಿ ಯಾರೂ ಬರೋದಿಲ್ಲವಲ್ಲ," ಎಂದಳು.

"ಅಕ್ಕಾ, ನಾನು ಗಾಳ್ಯ."

ದುರುಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅವನ ಮುಖ ತಡವಿದಳು.

"ಅಯ್ಯೋ ನನ್ನಪ್ಪಾ, ನಿನಗೆ ಮೀಸೆ ಬಂದಿದೆಯಲ್ಲೋ!"