ನುಸಿ ಸಾಕಿದ ಅವ್ವ

‘ಲ’ದಿಂದ ಶುರುವಾಗುವ ಸೊಪ್ಪು. ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ, ಕೂಸೇ.

ನಮ್ಮವ್ವ ಜೈನರ ಭರಮಗೌಡರ ಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಒಮ್ಮೆ ಅವರ ಜೋಳಕ್ಕೆ ನುಸಿ ಹತ್ತಿತು.

“ಅಮಾಸಿಯೊಳಗ ನುಸಿ ಹೋಗಬೇಕು, ಒಂದ್ ಜೀವಾನೂ ಸಾಯಬಾರದು. ಆಗಲಿಲ್ಲಂದ್ರ ಕೆಲಸ ಬಿಡು,” ಎಂದರು ಗೌಡರು.

ಅವ್ವ ಒಂದು ಚೀಲ ಬಿಟ್ಟು ಉಳಿದವಕ್ಕೆಲ್ಲ ಆ ಸೊಪ್ಪು ತುರುಕಿದಳು. ಘಾಟು ತಾಳದೆ ನುಸಿಗಳೆಲ್ಲ ಸೊಪ್ಪಿಲ್ಲದ ಚೀಲ ಸೇರಿದವು.

“ಇದನ್ನೇನ್ ಮಾಡ್ತಿ?”

“ಕೊಲ್ಲೂ ಹಂಗಿಲ್ಲ, ಇಲ್ಲಿ ಇಡೂ ಹಂಗಿಲ್ಲ. ಮನಿಗೆ ಒಯ್ದು ಸಾಕ್ತೀನ್ರೀ, ಗೌಡ್ರ.”

ಗೌಡರು ಚೀಲ ನೋಡಿದರು. ಬಾಗಿಲಲ್ಲಿ ನಿಂತ ಅವಳ ಮಕ್ಕಳಾದ ನಮ್ಮ ಮೂವರನ್ನೂ ನೋಡಿದರು. ಮೀಸೆಯೊಳಗೇ ನಕ್ಕರು.

“ಒಯ್ಯಿ. ಹೊಟ್ಟಿ ತುಂಬ ಉಣಿಸಿ ಸಾಕು.”

ಬಿಸಿಲಿಗೆ ಹರವಿದಾಗ ನುಸಿ ತಾವೇ ಹೋದವು. ರೊಟ್ಟಿ ನಾವು ಉಂಡೆವು. ತಟ್ಟಿದ ಅವ್ವನ ಕೈಗೆ ಮಾತ್ರ ಇನ್ನೂ ಆ ಘಾಟು.

ಲಕ್ಕಿ. ಲಕ್ಕಿ ಸೊಪ್ಪು. ಬರೆದುಕೋ, ಕೂಸೇ.