ಒಂದು ಎಲೆ ಮುಂದೆ

ಆಷಾಢದ ಗಾಳಿ ಬೀಸುತ್ತಿತ್ತು. ನದಿ ಕೆಂಪಾಗಿತ್ತು. ಆಶ್ರಮದ ಸ್ನಾನಘಟ್ಟದಲ್ಲಿ ಮೇಲಿನ ಮೂರು ಮೆಟ್ಟಿಲು ಬಿಟ್ಟು ಉಳಿದದ್ದೆಲ್ಲ ನೀರಿನೊಳಗಿತ್ತು.

ಆ ಮೂರರಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಗುರುಗಳು ಕೂತಿದ್ದರು.

ನಾಗಭೂಷಣ ಬೆಳಗಿನ ಬಸ್ಸಿಗೆ ಬಂದಿದ್ದ. ವಯಸ್ಸು ಐವತ್ತೆರಡು, ಪಟ್ಟಣದ ಕಚೇರಿಯೊಂದರಲ್ಲಿ ಕೆಲಸ. ಇಪ್ಪತ್ತು ವರ್ಷದಿಂದ ಈ ಆಶ್ರಮಕ್ಕೆ ಬರುತ್ತಿದ್ದ ಶಿಷ್ಯ.

ನಮಸ್ಕಾರ ಮಾಡಿ, ಚೀಲದಿಂದ ಒಂದು ಹಾಳೆ ತೆಗೆದು ಅವರ ಮುಂದೆ ಇಟ್ಟ. ಗಾಳಿಗೆ ಹಾರದಂತೆ ಮೇಲೆ ಒಂದು ಕಲ್ಲಿಟ್ಟ.

"ಪ್ರತಿ ಸಲ ನೀನು ಬಾಳೆಹಣ್ಣು ತರುತ್ತಿದ್ದೆ," ಎಂದರು ಗುರುಗಳು. "ಈ ಸಲ ಕಾಗದ."

"ಓದಿ, ಗುರುಗಳೇ."

"ಕನ್ನಡಕ ಒಳಗಿದೆ. ನೀನೇ ಓದು."

ಹಾಳೆಯಲ್ಲಿ ಐದು ಹೆಸರುಗಳಿದ್ದವು. ಐವರೂ ಒಂದೇ ಕಚೇರಿಯವರು, ಐವರೂ ಷೇರಿಗೆ ದುಡ್ಡು ಹಾಕಿದವರು. ಜನವರಿ ಒಂದರಿಂದ ಜೂನ್ ಮೂವತ್ತರವರೆಗೆ ಯಾರ ದುಡ್ಡು ಎಷ್ಟು ಬೆಳೆಯಿತು ಎಂದು ಹೋಲಿಸಿ ನೋಡುವುದು ಅವರ ಪದ್ಧತಿ. ಕೊನೆಗೆ ಬಂದವನು ಉಳಿದ ನಾಲ್ವರಿಗೆ ಹೋಳಿಗೆ ಊಟ ಹಾಕಿಸಬೇಕು. ಅದಕ್ಕೆ ಅರ್ಧ ವರ್ಷದ ಊಟ ಎಂದು ಹೆಸರು. ಡಿಸೆಂಬರ್ ಕೊನೆಗೆ ಇನ್ನೊಂದು ಊಟ.

"ಈ ಸಲ ನಾನೇ ಮೊದಲು," ಎಂದ ನಾಗಭೂಷಣ.

"ಎಷ್ಟು ಗಳಿಸಿದೆ?"

"ಗಳಿಸಿದ್ದಲ್ಲ. ಮಾರ್ಕೆಟ್ ಬಿದ್ದಿದೆ. ನೂರಕ್ಕೆ ಹದಿನಾಲ್ಕು ಹೋಯಿತು."

"ಹೋಯಿತು ಅನ್ನುತ್ತೀಯ. ಮೊದಲು ಅಂತಲೂ ಅನ್ನುತ್ತೀಯ."

"ಉಳಿದವರಿಗೆ ಇನ್ನೂ ಜಾಸ್ತಿ ಹೋಗಿದೆ. ಗುಂಡೂರಾವ್‌ಗೆ ಇಪ್ಪತ್ತಾರು. ಇಡೀ ಮಾರ್ಕೆಟ್ಟೇ ಹತ್ತೊಂಬತ್ತು ಇಳಿದಿದೆ. ಅಂದರೆ ನಾನು ಮಾರ್ಕೆಟ್‌ಗಿಂತ ಐದು ಮುಂದೆ."

"ಊಟ ಆಯಿತೇ?"

"ಮೊನ್ನೆ ಆಯಿತು. ಗುಂಡೂರಾವ್ ಹಾಕಿಸಿದ. ಕಾಯಿಹೋಳಿಗೆ. 'ಗೆದ್ದವನು ಎರಡು ಜಾಸ್ತಿ ತಿನ್ನಬೇಕು ಕಣಯ್ಯ' ಅಂತ ಬಲವಂತ ಮಾಡಿದ."

"ತಿಂದೆಯಾ?"

"ತಿಂದೆ."

ಗುರುಗಳು ಅವನ ಮುಖ ನೋಡಿದರು.

"ಹೋಳಿಗೆ ತಿಂದವನ ಮುಖ ಇದಲ್ಲ. ಬಂದ ವಿಷಯ ಹೇಳು."

ನಾಗಭೂಷಣ ನದಿಯ ಕಡೆ ತಿರುಗಿದ.

"ಅದರಲ್ಲಿ ಅಕ್ಕನ ದುಡ್ಡೂ ಇದೆ," ಎಂದ.

ಅಕ್ಕ ಎಂದರೆ ವಿಶಾಲಕ್ಕ, ಅವನಿಗಿದ್ದ ಒಬ್ಬಳೇ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ ಇರುವವಳು. ಇಪ್ಪತ್ತು ವರ್ಷದ ಹಿಂದೆ ತಮ್ಮನನ್ನು ಈ ಮೆಟ್ಟಿಲಿಗೆ ಕರೆತಂದವಳು ಅವಳೇ.

"ಎಷ್ಟು?"

"ಐದು ಲಕ್ಷ. ಬ್ಯಾಂಕಿನಲ್ಲಿ ಡಿಪಾಜಿಟ್ ಇತ್ತು. ಜನವರಿಯಲ್ಲಿ ಮುರಿಸಿ ನನ್ನದರ ಜೊತೆ ಹಾಕಿದೆ. ಬ್ಯಾಂಕಿನವರು ಕೊಡುವುದು ಏಳು. ಹೋದ ವರ್ಷ ಗುಂಡೂರಾವ್ ಮೂವತ್ತು ಮಾಡಿದ್ದ."

"ಅವಳು ಏನಂದಳು?"

"ಏನೂ ಅನ್ನಲಿಲ್ಲ. ಎಲ್ಲಿ ಸಹಿ ಹಾಕಬೇಕು, ತೋರಿಸು ಅಂದಳು."

"ಈ ಹಾಳೆಯಲ್ಲಿ ಅವಳ ಹೆಸರು ಎಲ್ಲಿದೆ?"

"ಅವಳದು ಇಲ್ಲ. ನನ್ನ ಹೆಸರಿನೊಳಗೇ ಸೇರಿದೆ."

"ಗೆದ್ದ ಹೋಳಿಗೆಯಲ್ಲಿ ಅವಳಿಗೆಷ್ಟು ಬಂತು?"

ನಾಗಭೂಷಣ ಹಾಳೆಯ ಮೇಲಿನ ಕಲ್ಲನ್ನು ಸರಿಮಾಡಿದ.

"ಆ ದುಡ್ಡು ಯಾತಕ್ಕೆ ಅಂತ ಇಟ್ಟುಕೊಂಡಿದ್ದಳು?"

"ಹೃದಯದ ಆಪರೇಷನ್‌ಗೆ. ಒಂದು ಕವಾಟ ಕೆಟ್ಟಿದೆ. ವರ್ಷದ ಕೊನೆಗೆ ಮಾಡಿದರಾಯಿತು ಅಂತ ಡಾಕ್ಟರು ಅಂದಿದ್ದರು. ಹೋದ ವಾರ ನೋಡಿದವರು ಅಷ್ಟು ದಿನ ಆಗುವುದಿಲ್ಲ, ಇದೇ ತಿಂಗಳು ಹದಿನೆಂಟಕ್ಕೆ ಕರೆದುಕೊಂಡು ಬನ್ನಿ ಅಂದರು. ನಾಲ್ಕು ಲಕ್ಷ ತೊಂಬತ್ತು ಸಾವಿರ ಆಗುತ್ತದೆ. ಅವಳದು ಈಗ ನಾಲ್ಕು ಮೂವತ್ತಕ್ಕೆ ಇಳಿದಿದೆ."

"ನಿನ್ನದು?"

"ಒಂಬತ್ತು ಲಕ್ಷ ಇದೆ."

"ಮತ್ತೆ?"

"ಈಗ ಮಾರಿದರೆ ನಷ್ಟ ನಿಜ ಆಗಿಬಿಡುತ್ತದೆ, ಗುರುಗಳೇ. ಮಾರದಿದ್ದರೆ ಅದು ಬರೀ ಕಾಗದದ ಮೇಲಿನ ನಷ್ಟ. ಡಿಸೆಂಬರ್ ಹೊತ್ತಿಗೆ ಎಲ್ಲ ಮೇಲೆ ಬರುತ್ತದೆ. ಎಲ್ಲರೂ ಹಾಗೇ ಹೇಳುತ್ತಿದ್ದಾರೆ."

ಹಾಳೆಯ ಕಡೆ ನೋಡುತ್ತ, "ಇನ್ನೊಂದಿದೆ," ಎಂದ.

"ಹೇಳು."

"ವರ್ಷದ ನಡುವೆ ಮಾರಿ ದುಡ್ಡು ತೆಗೆದವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ನಾವೇ ಮಾಡಿಕೊಂಡ ನಿಯಮ. ಏಳು ವರ್ಷದಲ್ಲಿ ಐದು ಸಲ ಹೋಳಿಗೆ ಹಾಕಿಸಿದವನು ನಾನು. ಮೊದಲನೆಯವನಾಗಿ ಬಂದದ್ದು ಇದೊಂದೇ ಸಲ."

ಗುರುಗಳು ನಗಲಿಲ್ಲ.

"ನನ್ನಿಂದ ಏನಾಗಬೇಕು?"

"ಅಕ್ಕನಿಗೆ ಒಂದು ಮಾತು ಹೇಳಿ. ಇದು ಆಷಾಢ, ಈಗ ಬೇಡ, ವರ್ಷದ ಕೊನೆಗೆ ಮಾಡಿಸಿಕೊಂಡರಾಯಿತು ಅಂತ. ನೀವು ಹೇಳಿದರೆ ಅವಳು ಎದುರು ಮಾತಾಡುವುದಿಲ್ಲ."

"ಡಾಕ್ಟರನ್ನು ಕೇಳಿದೆಯಾ?"

"ಡಿಸೆಂಬರ್‌ವರೆಗೆ ಕಾಯಬಹುದೇ ಅಂತ ಕೇಳಿದೆ."

"ಏನಂದರು?"

"'ಕಾಯುವುದು ಯಾರಿಗಾಗಿ?' ಅಂದರು."

"ನೀನೇನು ಹೇಳಿದೆ?"

ನಾಗಭೂಷಣ ಕಲ್ಲು ತೆಗೆದು ಹಾಳೆಯನ್ನು ಮಡಚಿದ.

ಊಟದ ಗಂಟೆ ಹೊಡೆಯಿತು.

ಆ ಆಶ್ರಮದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಎಲೆಯ ಮುಂದೆ ಕೂತವರು ಊಟ ಮಾಡದೆ ಏಳುವಂತಿಲ್ಲ. ಹಿರಿಯರು, ಕಿರಿಯರು, ಬಂದವರು, ಇದ್ದವರು, ಯಾರಿಗೂ ವಿನಾಯಿತಿ ಇಲ್ಲ.

ಆ ದಿನ ಗುರುಗಳೇ ಬಡಿಸಲು ನಿಂತರು.

ಸಾಲಾಗಿ ಹನ್ನೊಂದು ಎಲೆ. ಕೊನೆಯ ಎಲೆಗೆ ನಾಗಭೂಷಣ ಕೂತ. ನೀರು ಚಿಮುಕಿಸಿ ಎಲೆ ಒರೆಸಿಕೊಂಡ. ತುದಿಗೆ ಒಂದು ಚಿಟಿಕೆ ಉಪ್ಪು ಬಿತ್ತು.

ಅನ್ನದ ಪಾತ್ರೆ ಹತ್ತನೆಯ ಎಲೆಯವರೆಗೆ ಬಂದು ಹಿಂದಿರುಗಿತು. ಸಾರು ಬಂತು, ಹಿಂದಿರುಗಿತು. ಹುಳಿ ಬಂತು, ಹಿಂದಿರುಗಿತು.

ಅಡಿಗೆಯ ಪುಟ್ಟತಾಯಮ್ಮ ಬಾಗಿಲಿನಿಂದ ಇಣುಕಿದಳು.

"ಬುದ್ಧೀ, ಕೊನೇ ಎಲೆ ಬಿಟ್ಟೋಯ್ತು."

"ಬಿಟ್ಟಿಲ್ಲ, ತಾಯಿ."

"ಖಾಲಿ ಐತಲ್ಲ!"

ಗುರುಗಳು ನಾಗಭೂಷಣನ ಮುಂದೆ ಬಂದು ನಿಂತರು.

"ಹೊಳೆ ತುಂಬಿದೆ. ಆಚೆ ದಡದ ಮಠಕ್ಕೆ ಅಕ್ಕಿ ಹೋಗದೆ ನಾಲ್ಕು ದಿನವಾಯಿತು. ಅಲ್ಲಿ ಇವತ್ತು ಎಲೆಯನ್ನೇ ಹಾಕಿಲ್ಲ," ಎಂದರು. "ನೀನು ಒಂದು ಎಲೆ ಮುಂದಿದ್ದೀಯ. ಊಟ ಮಾಡು."

ಹೇಳಿ ಹೊರಗೆ ಹೋದರು.

ಉಳಿದವರು ತಲೆ ಬಗ್ಗಿಸಿ ಉಂಡರು. ಒಬ್ಬೊಬ್ಬರಾಗಿ ಎದ್ದರು. ಎಲೆಗಳನ್ನು ತೆಗೆದು ನೆಲ ಸಾರಿಸಿದ್ದಾಯಿತು. ನಾಗಭೂಷಣ ಮಾತ್ರ ಕೂತಿದ್ದ. ಗಾಳಿ ಬಂದಾಗಲೆಲ್ಲ ಎಲೆಯ ಅಂಚು ಏಳುತ್ತಿತ್ತು. ಅವನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ.

"ಮೂವತ್ತು ವರ್ಸದಿಂದ ಇಲ್ಲಿ ಬೇಯಿಸ್ತಾ ಇವ್ನಿ," ಎಂದಳು ಪುಟ್ಟತಾಯಮ್ಮ. "ಕೂತೋರ ಎಲೆ ಖಾಲಿ ಇದ್ದದ್ದು ನೋಡಿಲ್ಲ. ಅಂಥಾದ್ದೇನ್ ಮಾಡ್ಕಂಡ್ರಿ, ಸ್ವಾಮಿ?"

ಪುಟ್ಟತಾಯಮ್ಮ ಎಲೆಯ ತುದಿಗೆ ಬೆರಳು ತೋರಿಸಿದಳು.

"ಆ ಉಪ್ಪಾದ್ರೂ ನೆಕ್ಕಿ. ಅದೂ ನೀರಾಗ್ತಾ ಐತೆ."

ಜೇಬಿನಲ್ಲಿ ಫೋನು ರಿಂಗಣಿಸಿತು. ವಿಶಾಲಕ್ಕ.

"ನಾಗೂ, ತಲುಪಿದೆಯೇನೋ?"

"ತಲುಪಿದೆ, ಅಕ್ಕ."

"ಗುರುಗಳು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ."

"ಊಟ ಆಯ್ತಾ?"

ಅವನು ಎಲೆಯನ್ನು ನೋಡಿದ.

"ಆಯ್ತು."

"ಏನು ಮಾಡಿದ್ರು?"

"ಹುಳಿ."

"ಪುಟ್ಟತಾಯಮ್ಮನ ಹುಳಿ. ಅದೃಷ್ಟವಂತ ನೀನು." ವಿಶಾಲಕ್ಕ ಉಸಿರು ತೆಗೆದುಕೊಳ್ಳಲು ನಿಂತಳು. ಎರಡು ಮಾತಿಗೊಮ್ಮೆ ಹಾಗೆ ನಿಲ್ಲುತ್ತಿದ್ದಳು. "ಪಕ್ಕದವರು ಆಷಾಢದಲ್ಲಿ ಆಪರೇಷನ್ ಬೇಡ ಅಂತಿದ್ದಾರೆ. ಗುರುಗಳನ್ನ ಒಂದು ಮಾತು ಕೇಳು. ಅವರು ಹೇಳಿದ ಹಾಗೆ ಮಾಡೋಣ."

"ನೀನು ಹೇಗಿದ್ದೀ?"

"ನನಗೇನೋ? ನಿನ್ನೆ ಅಡಿಗೆಮನೆಯಿಂದ ದೇವರಮನೆಗೆ ಹೋಗೋವಾಗ ಒಂದು ಸಲ ಕೂತೆ. ಅಷ್ಟೇ. ಎದುರುಮನೆ ಕಮಲಮ್ಮನ್ನ ನೋಡು, ಹಾಸಿಗೆಯಿಂದ ಏಳೋ ಹಾಗೇ ಇಲ್ಲ. ಅವರಿಗಿಂತ ನಾನೇ ವಾಸಿ ಕಣೋ."

ನಾಗಭೂಷಣ ಎಲೆಯ ಅಂಚನ್ನು ಬೆರಳಿನಿಂದ ಮತ್ತೆ ಒತ್ತಿದ.

"ಕೇಳಿಸ್ತಾ? ಅವರಿಗಿಂತ ನಾನೇ ವಾಸಿ. ನೀನು ಯೋಚನೆ ಮಾಡಬೇಡ."

ಫೋನು ಇಟ್ಟಳು.

ಎಲೆಯ ತುದಿಯಲ್ಲಿ ಉಪ್ಪು ಇರಲಿಲ್ಲ. ಅಲ್ಲೊಂದು ಹನಿ ನೀರಿತ್ತು.

ಮೂರೂವರೆಗೆ ಮಾರ್ಕೆಟ್ ಮುಚ್ಚುತ್ತದೆ. ಇನ್ನೂ ಒಂದು ಗಂಟೆ ಇತ್ತು. ಅವನು ಬಲಗೈಯಿಂದ ಎಲೆ ಹಿಡಿದುಕೊಂಡು, ಎಡಗೈಯಲ್ಲಿ ಫೋನು ಒತ್ತತೊಡಗಿದ. ಬೆರಳು ಒಂದೆರಡು ಸಲ ತಪ್ಪಿತು. ಕೊನೆಗೆ, ಖಂಡಿತವಾಗಿ ಮಾರಬೇಕೇ ಎಂದು ಫೋನು ಕೇಳಿತು. ಎಲೆಯ ತುದಿಯ ಹನಿಯನ್ನು ನೋಡಿದ. ಆಮೇಲೆ ಒತ್ತಿದ.

ಪುಟ್ಟತಾಯಮ್ಮ ಯಾರನ್ನೂ ಕೇಳದೆ ಅನ್ನ ತಂದು ಹಾಕಿದಳು. ಮೇಲೆ ಹುಳಿ ಸುರಿದಳು. ಎರಡೂ ತಣ್ಣಗಾಗಿದ್ದವು.

"ಗಂಟಲಲ್ಲಿ ಇಳಿಯಲ್ಲ, ತಾಯಿ."

"ಇಳಿಸ್ಬೇಕು. ಎಲೆ ಬಿಟ್ಟು ಏಳಂಗಿಲ್ಲ."

ಅವನು ಪೂರ್ತಿ ಉಂಡು ಎದ್ದ.

ಹೊರಗೆ ಬಂದಾಗ ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ಈಗ ಎರಡೇ ಮೆಟ್ಟಿಲು ಉಳಿದಿದ್ದವು.

"ಮಾರಿದೆ," ಎಂದ ನಾಗಭೂಷಣ. "ಅಕ್ಕನದು ಅಷ್ಟೂ. ಜೊತೆಗೆ ನನ್ನದರಲ್ಲಿ ಎಪ್ಪತ್ತು ಸಾವಿರ. ಅವಳ ಐದು ಲಕ್ಷ ಪೂರ್ತಿಯಾಯಿತು. ನಾಳೆ ದುಡ್ಡು ಕೈಗೆ ಬರುತ್ತದೆ. ಹದಿನೆಂಟಕ್ಕೆ ಸೇರಿಸುತ್ತೇನೆ."

"ನಿಮ್ಮ ಪಟ್ಟಿ?"

"ಗುಂಡೂರಾವ್‌ಗೆ ತಿಳಿಸಿದೆ. 'ಮಂಕೇ, ಗೆಲ್ಲೋ ವರ್ಷವೇ ಔಟಾದೆಯಲ್ಲೋ' ಅಂತ ಬರೆದಿದ್ದಾನೆ."

"ಅಕ್ಕನಿಗೆ?"

"ಅವಳಿಗೆ ಯಾಕೆ, ಗುರುಗಳೇ? ಐದು ಲಕ್ಷ ಕೊಟ್ಟಿದ್ದಳು, ಐದು ಲಕ್ಷ ಇದೆ. ಈ ಸ್ಥಿತಿಯಲ್ಲಿ ಹೇಳಿ ನೋಯಿಸುವುದು ಯಾಕೆ?"

"ಹದಿನೆಂಟರೊಳಗೆ ಹೇಳು."

"ಆಪರೇಷನ್ ಆದಮೇಲೆ ಹೇಳುತ್ತೇನೆ."

"ಆಮೇಲೆ ಕೇಳಿಸಿಕೊಳ್ಳಲು ಅವಳಿರುತ್ತಾಳೆ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆಯೇ?"

ನಾಗಭೂಷಣ ಮೇಲಿನ ಮೆಟ್ಟಿಲ ಮೇಲೆ ಕೂತ. ನದಿಯಲ್ಲಿ ಬುಡಸಮೇತ ಕಿತ್ತುಬಂದ ಬಾಳೆಗಿಡವೊಂದು ತೇಲಿಹೋಗುತ್ತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ.

"ದುಡ್ಡು ಎಷ್ಟು ಇಳಿದಿತ್ತು ಅನ್ನುವುದನ್ನೂ ಹೇಳಬೇಕೇ?"

"ದುಡ್ಡಿನದು ಕೊನೆಗಾಗಲಿ. ಮೊದಲು, ಇವತ್ತು ಬೆಳಿಗ್ಗೆ ನನ್ನ ಬಾಯಿಂದ ಏನು ಹೇಳಿಸಲು ಬಂದಿದ್ದೆ ಅನ್ನುವುದನ್ನು ಹೇಳು."

ನಾಗಭೂಷಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗಾಳಿ ಹೆಚ್ಚಾಯಿತು. ಚೀಲದ ಬಾಯಿಂದ ಹೊರಗಿಣುಕಿದ್ದ ಹಾಳೆ ಪಟಪಟ ಸದ್ದು ಮಾಡಿತು. ಅದನ್ನು ಯಾರೂ ಮುಟ್ಟಲಿಲ್ಲ.

ಅವನು ತಲೆಯೆತ್ತಿದ.

"ಇಷ್ಟು ವರ್ಷದಲ್ಲಿ ನಿಮ್ಮ ಹತ್ತಿರ ಎಷ್ಟೋ ಶಿಷ್ಯರು ಬಂದುಹೋಗಿದ್ದಾರೆ. ನಿಜ ಹೇಳಿ, ಗುರುಗಳೇ. ಎಲ್ಲರಿಗಿಂತ ಕೊನೆಯವನು ನಾನೇನಾ? ನನಗಿಂತ ಕೆಟ್ಟವನು ಒಬ್ಬನಾದರೂ ಇದ್ದಾನಾ?"

ಗುರುಗಳು ಎದ್ದು ನಿಂತರು. ಅವರು ಕೂತಿದ್ದ ಕಲ್ಲಿಗೆ ನೀರು ಬಂದಿತ್ತು.

"ಮತ್ತೆ ಪಟ್ಟಿಯೇ? ನಿನಗೆ ಎಷ್ಟು ಜನ ಅಕ್ಕಂದಿರು?" ಎಂದು ಕೇಳಿದರು.