ಉಳಿದ ನಾಲ್ಕು ನಿಮಿಷ

ನದಿಯ ದಂಡೆಯ ಆಶ್ರಮದಲ್ಲಿ ಒಂದು ಗ್ರಂಥವಿತ್ತು. ಅದು ದೇವರ ಗ್ರಂಥವಲ್ಲ. ಕಂಪ್ಯೂಟರುಗಳಿಗೆ ಕೆಲಸ ಹೇಳುವ ‘ಸರಣಿ’ ಎಂಬ ಭಾಷೆಯ ನಿಯಮಗಳ ಗ್ರಂಥ.

ನಲವತ್ತು ವರ್ಷಗಳಿಂದ ಊರೂರುಗಳಲ್ಲಿ ಜನ ಆ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದರು. ಬರೆದವರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು. ಪ್ರೋಗ್ರಾಂಗಳು ಇನ್ನೂ ಓಡುತ್ತಿದ್ದವು.

ಗ್ರಂಥವನ್ನು ಕಾಯುತ್ತಿದ್ದವರು ಗುರು ಮಹಾಬಲಯ್ಯ. ಅದನ್ನು ಪರಿಷ್ಕರಿಸುವ ಕೆಲಸವನ್ನು ಶಿಷ್ಯ ಧರಣೇಂದ್ರನಿಗೆ ವಹಿಸಿದ್ದರು. ಏಳು ವರ್ಷ ದುಡಿದ ಮೇಲೆ ಅವನು ಕರಡನ್ನು ತಂದು ಗುರುಗಳ ಮುಂದಿಟ್ಟ.

ಅವರು ಸಹಿ ಹಾಕಿದರೆ ಅದೇ ಮುಂದಿನ ನಿಯಮ. ಹಾಕದಿದ್ದರೆ ಏಳು ವರ್ಷ ನೀರಿಗೆ ಹೋದ ಹಾಗೆ.

“ಮೊದಲ ಪುಟದಲ್ಲಿ ಏನು ತಿದ್ದಿದ್ದೀಯ?”

“ಭಾಗಾಕಾರ, ಗುರುಗಳೇ. ನೂರನ್ನು ಆರರಿಂದ ಭಾಗಿಸಿದರೆ ಹದಿನಾರೂವರೆಗಿಂತ ಹೆಚ್ಚು ಬರುತ್ತದೆ. ಸರಣಿ ಮಾತ್ರ ಹದಿನಾರು ಎಂದು ಹೇಳಿ ಉಳಿದದ್ದನ್ನು ಬಿಸಾಡುತ್ತದೆ. ಇನ್ನು ಮೇಲೆ ಹತ್ತಿರದ ಸಂಖ್ಯೆ ಹೇಳುತ್ತದೆ, ಹದಿನೇಳು. ಆ ಹಳೆಯ ನಿಯಮ ಬರೆದವನು ಯಾವ ದಡ್ಡನೋ!”

“ನಾನೇ,” ಎಂದರು ಗುರುಗಳು.

ಧರಣೇಂದ್ರ ತಲೆ ತಗ್ಗಿಸಿದ.

“ಅಳುಕಬೇಡ. ಅದು ದಡ್ಡತನವೇ. ಕಾವಲು ಕೂತೆಯಾ?”

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ನಿಯಮ ತಿದ್ದಿದವನು ಬಳಕೆಯಲ್ಲಿರುವ ಹಳೆಯದೊಂದು ಪ್ರೋಗ್ರಾಂ ಹುಡುಕಿ, ಅದನ್ನು ಹೊಸ ನಿಯಮದಲ್ಲಿ ಓಡಿಸಿ, ಒಂದು ಹಗಲು ಅದರ ಬಳಿ ಕಾವಲು ಕೂರಬೇಕು.

“ನಿನ್ನೆ ಕೂತಿದ್ದೆ. ಕಾಲುವೆಯ ತೂಬಿನ ಮನೆಯಲ್ಲಿ. ದಿನಕ್ಕೆ ನೂರು ನಿಮಿಷ ನೀರು ಬಿಟ್ಟು ಆರು ಹೊಲಗಳಿಗೆ ಹಂಚುವ ಪ್ರೋಗ್ರಾಂ. ಮೂವತ್ತೆಂಟು ವರ್ಷ ಹಳೆಯದು. ಒಮ್ಮೆಯೂ ನಿಲ್ಲಲಿಲ್ಲ. ಒಂದು ತಪ್ಪೂ ತೋರಿಸಲಿಲ್ಲ.”

“ಎಲ್ಲಿ ಕೂತಿದ್ದೆ?”

“ಪರದೆಯ ಮುಂದೆ.”

“ಇವತ್ತೂ ನಿನ್ನ ನಿಯಮವೇ ಓಡುತ್ತಿದೆಯೇ?”

“ಹೌದು.”

ಗುರುಗಳು ಕರಡನ್ನು ಮುಚ್ಚಿದರು.

“ಹೋಗು. ಇವತ್ತು ನೀರಿನ ಕೊನೆಯಲ್ಲಿ ಕೂರು.”

ಧರಣೇಂದ್ರ ಕಾಲುವೆಯ ಬದಿಯಲ್ಲೇ ನಡೆದ. ಮೊದಲ ಹೊಲ ನೆನೆದಿತ್ತು. ಐದನೆಯದೂ ನೆನೆದಿತ್ತು. ಆರನೆಯದೂ ನೆನೆದಿತ್ತು. ಅವನಿಗೆ ಸಮಾಧಾನವಾಯಿತು.

ಆರನೆಯ ಹೊಲದಾಚೆಗೆ ಕಾಲುವೆ ಇನ್ನೂ ಸ್ವಲ್ಪ ದೂರ ಹೋಗಿ, ಒಂದು ಕಲ್ಲಿನ ತೊಟ್ಟಿಯಲ್ಲಿ ಮುಗಿಯುತ್ತಿತ್ತು. ತೊಟ್ಟಿ ಒಣಗಿತ್ತು. ಪಕ್ಕದಲ್ಲಿ ಒಂದು ಗಬ್ಬದ ಎಮ್ಮೆ ನಿಂತಿತ್ತು. ವಯಸ್ಸಾದ ಹೆಂಗಸೊಬ್ಬಳು ಸಲಿಕೆಯಿಂದ ಕಾಲುವೆ ಅಗೆಯುತ್ತಿದ್ದಳು. ಅವಳ ಹೆಸರು ಫಕೀರವ್ವ.

“ಏನು ಮಾಡುತ್ತಿದ್ದೀಯಮ್ಮಾ?”

“ಕಾಣಂಗಿಲ್ಲೇನು? ಕುಂತು ಹಾಡು ಹಾಡಾಕತ್ತೀನಿ,” ಎಂದಳು ಫಕೀರವ್ವ, ಸಲಿಕೆ ನಿಲ್ಲಿಸದೆ. “ನಿನ್ನೆಯಿಂದ ತೊಟ್ಟಿಗೆ ನೀರಿಲ್ಲ. ಆರೂ ಹೊಲ ಕುಡಿದ ಮ್ಯಾಲೆ ಒಂದೀಟು ಉಳೀತಿತ್ತು, ಇಲ್ಲಿ ಬಂದು ಬೀಳ್ತಿತ್ತು. ನಮ್ಮತ್ತಿ ಕಾಲದಿಂದ ಹಂಗ. ಅದಕ್ಕಂತನ ಇಲ್ಲಿ ತೊಟ್ಟಿ ಕಟ್ಟಿದ್ದು. ಈ ಎಮ್ಮಿ ಹೊಳಿತನಕ ನಡೆಯಂಗಿಲ್ಲ. ಕೊಡದಾಗ ಹೊತ್ತು ತಂದು ಕುಡಿಸೀನಿ.”

ಧರಣೇಂದ್ರ ಮನಸ್ಸಿನಲ್ಲೇ ಗುಣಿಸಿದ. ಹದಿನಾರರಂತೆ ಆರು ಹೊಲಗಳಿಗೆ ತೊಂಬತ್ತಾರು. ನೂರರಲ್ಲಿ ನಾಲ್ಕು ನಿಮಿಷ ಉಳಿಯುತ್ತಿತ್ತು. ಈಗ ಐದು ಹೊಲಗಳು ಹದಿನೇಳರಂತೆ ಎಳೆದುಕೊಂಡರೆ ಆರನೆಯದಕ್ಕೆ ಹದಿನೈದು. ಆಮೇಲೆ ಏನೂ ಇಲ್ಲ.

“ತೂಬಿನ ಮನೆಯಲ್ಲಿ ಕೇಳಲಿಲ್ಲವೇ?”

“ಕೇಳಿದೆ. ಮಿಷಿನ್ನು ಸರಿ ಐತಿ ಅಂದ ಅಲ್ಲಿ ಕುಂತಾಂವ. ಮಿಷಿನ್ನು ಸರಿ ಇದ್ದ ಮ್ಯಾಲೆ ತಪ್ಪು ನಂದ ಅಲ್ಲೇನು? ಎಲ್ಲೋ ನನ್ನ ಕಾಲುವಿ ಕಟ್ಟೈತಿ ಅಂತ ನಿನ್ನೆಯಿಂದ ಅಗಿಯಾಕತ್ತೀನಿ.”

ನಿನ್ನೆ ಮಧ್ಯಾಹ್ನ ಯಾರೋ ಬಾಗಿಲಲ್ಲಿ ನಿಂತು ಕೇಳಿದ್ದು ನಿಜ. ಪರದೆಯಿಂದ ಕಣ್ಣು ತೆಗೆಯದೆ ಉತ್ತರ ಹೇಳಿದವನು ಧರಣೇಂದ್ರನೇ.

ಅವನು ಅವಳ ಅಂಗೈ ನೋಡಿದ. ಬೊಬ್ಬೆ ಎದ್ದು ಒಡೆದಿತ್ತು.

“ನಿನ್ನ ಕಾಲುವೆಯಲ್ಲಿ ದೋಷವಿಲ್ಲ, ಅಮ್ಮಾ. ನಾನು ಒಂದು ಲೆಕ್ಕ ಬದಲಾಯಿಸಿದೆ. ನೀರು ತಪ್ಪಿದ್ದು ನನ್ನಿಂದ.”

ಫಕೀರವ್ವ ನೆಟ್ಟಗೆ ನಿಂತು ಅವನನ್ನು ದಿಟ್ಟಿಸಿದಳು.

“ನೀನ ಏನು? ಒಂದು ಮಾತು ಹೇಳಾಕ ಬಾಯಿಗೆ ಏನು ಬಡಿದಿತ್ತೋ ಮಾರಾಯ?”

ಅವಳು ಸಲಿಕೆಯನ್ನು ಅವನ ಕೈಗೆ ಕೊಟ್ಟಳು.

“ಹಿಡಿ. ನಾ ಅಗದು ಕೆಡಿಸಿದ್ದನ್ನ ನೀ ಸರಿ ಮಾಡು.”

ಅವನು ಮಧ್ಯಾಹ್ನದವರೆಗೆ ಮಣ್ಣು ತುಂಬಿ ಏರಿ ಕಟ್ಟಿದ. ಆಮೇಲೆ ತೂಬಿನ ಮನೆಗೆ ಹೋಗಿ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದ.

ಸಂಜೆ ಗುರುಗಳ ಮುಂದೆ ಕೂತು, ಕರಡನ್ನು ತೆರೆದು, ಭಾಗಾಕಾರದ ಮೇಲೆ ಅಡ್ಡಗೆರೆ ಎಳೆದ.

“ಉಳಿದ ಪುಟಗಳಿಗೂ ಸಹಿ ಬೇಡ, ಗುರುಗಳೇ. ಒಂದೊಂದರ ಕೊನೆಗೂ ನಾನು ನಡೆದು ಹೋಗಬೇಕು.”

“ಎಷ್ಟು ವರ್ಷ ಬೇಕು?”

“ಗೊತ್ತಿಲ್ಲ.”

ಗುರುಗಳು ಲೇಖನಿಯನ್ನು ಪೆಟ್ಟಿಗೆಯೊಳಗಿಟ್ಟರು. ಧರಣೇಂದ್ರ ಏಳಲಿಲ್ಲ.

“ಆದರೂ ತಪ್ಪು ತಪ್ಪೇ ಅಲ್ಲವೇ? ಅದು ಎಂದೆಂದಿಗೂ ಹಾಗೇ ಇರಬೇಕೇ?”

“ನಿನ್ನ ಭಾಗಾಕಾರಕ್ಕೆ ಬೇರೆ ಹೆಸರಿಡು. ಬೇಕಾದವರು ಅದನ್ನು ಬಳಸಿಕೊಳ್ಳಲಿ. ನನ್ನದು ಅದರ ಪಾಡಿಗೆ ಇರಲಿ.”

“ಹಳೆಯದನ್ನು ಮುರಿಯಲೇಬೇಕಾದ ದಿನ ಬಂದರೆ?”

ಗುರುಗಳು ಕರಡನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಸದ್ದಾಗುವ ಹಾಗೆ ಮುರಿ. ತಪ್ಪು ತನ್ನದೆಂದು ಯಾರೂ ಕಾಲುವೆ ಅಗೆಯುತ್ತಾ ಇರಬಾರದು.”